ಯಾವ ಕೃಷ್ಣರಾಜ ಒಡೆಯರು?

ಪ್ರಶ್ನೆ: ಹಳೆಯ ಕಾಗದದಲ್ಲಿ ಬರೀ ‘ಕೃಷ್ಣರಾಜ ಒಡೆಯರು’ ಎಂದಿದೆ, ಜೊತೆಗೆ ಸಿದ್ಧಾರ್ಥಿ ಸಂವತ್ಸರ. ಮೈಸೂರಿನ ನಾಲ್ವರಲ್ಲಿ ಯಾರು?

ಉತ್ತರ 1: ಆಳ್ವಿಕೆಯ ಇಸವಿಗಳು: ಮೊದಲನೆಯವರು 1714–32, ಇಮ್ಮಡಿ 1734–66, ಮುಮ್ಮಡಿ 1799–1868, ನಾಲ್ವಡಿ 1894–1940. ಸಂವತ್ಸರ ಒಂದನ್ನೇ ನಂಬಬೇಡಿ, 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ಸಿದ್ಧಾರ್ಥಿ ಮುಮ್ಮಡಿಯವರ ಕಾಲದಲ್ಲೇ ಎರಡು ಸಲ ಬಂದಿದೆ: 1799ರಲ್ಲಿ, 1859ರಲ್ಲಿ. 1919 ನಾಲ್ವಡಿಯವರದು. ಕಾಗದದಲ್ಲಿ ಶಾಲಿವಾಹನ ಶಕವರ್ಷ ಹುಡುಕಿ, ಇಸವಿ ತಿಳಿಯಲು 78 ಕೂಡಿಸಿ; ಮಾಘ, ಫಾಲ್ಗುಣವಾದರೆ 79.

ಉತ್ತರ 2: ಆಡಳಿತದ ಆದೇಶವೇ? 1831ರಿಂದ ಅಧಿಕಾರ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು, ಹಾಗಾಗಿ 1859 ಅನುಮಾನ. 1902ರವರೆಗೆ ನಾಲ್ವಡಿಯವರ ಪರವಾಗಿ ತಾಯಿ ವಾಣಿವಿಲಾಸ ಸನ್ನಿಧಾನ ರಾಜಪ್ರತಿನಿಧಿ, ಅದನ್ನೂ ಮರೆಯಬೇಡಿ.

ಉತ್ತರ 3: ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿರುವ ತಾಮ್ರದ ನಾಣ್ಯವಾದರೆ ಗೊಂದಲವೇ ಇಲ್ಲ, ಮುಮ್ಮಡಿಯವರದೇ.