ಸಹಾಯ ಬೇಕು: ಮಧ್ಯಾಹ್ನವೇ ಮಲಗಿಬಿಡುವ ನಮ್ಮ ಆಮೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಾವು ಕಳೆದ ಮೇ ತಿಂಗಳಿನಿಂದ ಆರು ವರ್ಷದ ಹಾರ್ಸ್‌ಫೀಲ್ಡ್ ಆಮೆಯೊಂದನ್ನು ಸಾಕುತ್ತಿದ್ದೇವೆ. (ನಮ್ಮೂರ ಕಡೆಯ ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೆಂಬುದು ಗೊತ್ತಿದೆ, ಇದು ಮಧ್ಯ ಏಷ್ಯಾ ಮೂಲದ ಬೇರೆಯೇ ಜಾತಿ.)

ಬೇಸಿಗೆಯಲ್ಲಿ ಅದು ಬೆಳಿಗ್ಗೆ ಎಂಟರ ಸುಮಾರಿಗೆ ಎದ್ದು, ತನ್ನ ಗೂಡಿನ ದೀಪದ ಕೆಳಗೆ ನಾಲ್ಕೂ ಕಾಲು ಚಾಚಿ ಅರ್ಧ ಗಂಟೆ ಮೈ ಕಾಯಿಸಿಕೊಂಡು, ಆಮೇಲೆ ದಂಡೇಲಿಯನ್ ಎಲೆಗಳನ್ನು ತಿಂದು, ನಡುಮಧ್ಯಾಹ್ನದ ನಿದ್ದೆ ಮುಗಿಸಿ ಸಂಜೆ ಮತ್ತೆ ಓಡಾಡುತ್ತಿತ್ತು. ಅಕ್ಟೋಬರ್ ನಡುವಿನಿಂದ ಹತ್ತೂವರೆಗೆ ಏಳುತ್ತದೆ. ಒಂದು ಗಂಟೆಯಾಗುವಷ್ಟರಲ್ಲಿ ಮೂಲೆಯ ಮಣ್ಣನ್ನು ಮುಂಗಾಲುಗಳಿಂದ ಕೆದರಿ, ಚಿಪ್ಪಿನ ಹಿಂಭಾಗ ಮಾತ್ರ ಕಾಣುವಂತೆ ಹೂತುಕೊಂಡು, ಮರುದಿನದವರೆಗೂ ಅಲ್ಲಾಡುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗುತ್ತೇವೆ: 610 ಗ್ರಾಂ, ಇಳಿದಿಲ್ಲ. ಮೂಗು ಸೋರುತ್ತಿಲ್ಲ, ಕಣ್ಣು ಊದಿಲ್ಲ.

ದೀಪದ ಕೆಳಗೆ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 20, ರಾತ್ರಿ 15ರ ಆಸುಪಾಸು ಇರುತ್ತದೆ. ಯುವಿಬಿ ದೀಪ (ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಸೂಸುವ ದೀಪ) ದಿನಕ್ಕೆ 12 ಗಂಟೆ ಉರಿಯುತ್ತದೆ. ಕಿಟಕಿಯ ಬೆಳಕು ಕುಗ್ಗಿದ್ದನ್ನು ಕಂಡು ಅದು ಚಳಿಗಾಲದ ನಿದ್ದೆಗೆ ಸಿದ್ಧವಾಗುತ್ತಿದೆಯೇ, ಅಥವಾ ಯುವಿಬಿ ದೀಪವು ಬೆಳಗುತ್ತಿದ್ದರೂ ಹಳೆಯದಾಗಿ ಅದರ ಕಿರಣ ಕ್ಷೀಣಿಸಿದೆಯೇ? ಹೊಟ್ಟೆಯಲ್ಲಿ ಆಹಾರವಿರುವಾಗ ದೀರ್ಘನಿದ್ದೆಗೆ ಬಿಡುವುದು ಅಪಾಯವೆಂದು ತಿಳಿದು ನಾವಾಗಿ ತಣ್ಣಗಿನ ಜಾಗಕ್ಕೆ ಒಯ್ದಿಲ್ಲ. ಪಶುವೈದ್ಯರ ಭೇಟಿ ಮುಂದಿನ ವಾರವಿದೆ. ಅಲ್ಲಿಯವರೆಗೆ ಬೆಳಿಗ್ಗೆ ಅದನ್ನು ಮಣ್ಣಿನಿಂದ ಎತ್ತಿ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಬೇಕೇ ಅಥವಾ ಅದರ ಪಾಡಿಗೆ ಬಿಡಬೇಕೇ ಎಂಬುದನ್ನು ಈ ಜಾತಿಯನ್ನು ಸಾಕಿ ಅನುಭವವಿರುವವರು ದಯವಿಟ್ಟು ತಿಳಿಸಿ.