ಯುಕೆ ನರ್ಸ್ ಕೆಲಸಕ್ಕೆ ಏಜೆಂಟ್ 4.8 ಲಕ್ಷ ಕೇಳ್ತಿದ್ದಾರೆ, ನಿಜವಾಗಿ ಎಷ್ಟು ಬೇಕು?

ಬೆಟಗೇರಿ ಆರ್‌ಎನ್, ಗದಗ

ಬಿಎಸ್ಸಿ ನರ್ಸಿಂಗ್ ಆಗಿದೆ, ರಾಜೀವ್ ಗಾಂಧಿ ಆರೋಗ್ಯ ವಿವಿಯದ್ದು. ಕರ್ನಾಟಕ ನರ್ಸಿಂಗ್ ಕೌನ್ಸಿಲ್ ನೋಂದಣಿ ಇದೆ, ಹುಬ್ಬಳ್ಳಿಯಲ್ಲಿ ಮೂರು ವರ್ಷ ಐಸಿಯು ಅನುಭವ. ಏಜೆನ್ಸಿಯೊಂದು ಯುಕೆಗೆ ಕಳಿಸಲು ಕೊಟ್ಟ ಪಟ್ಟಿ ಹೀಗಿದೆ: ಸಿಒಎಸ್ 2 ಲಕ್ಷ, ಎನ್‌ಎಂಸಿ ಪ್ರೊಸೆಸಿಂಗ್ (ಅಲ್ಲಿನ ನರ್ಸಿಂಗ್ ಕೌನ್ಸಿಲ್ ನೋಂದಣಿ) 1.6 ಲಕ್ಷ, ವೀಸಾ 70 ಸಾವಿರ, ಡಾಕ್ಯುಮೆಂಟ್ 50 ಸಾವಿರ. ಅರ್ಧ ಹಣ ಮೊದಲೇ ಬೇಕಂತೆ. ಯುಕೆ ಬೇಡ ಅಂದರೆ ಸೌದಿ ಅಥವಾ ಕುವೈತ್‌ಗೂ ಕಳಿಸ್ತೇವೆ ಅನ್ನುತ್ತಾರೆ. ಇದರಲ್ಲಿ ನಾನು ಕೊಡಲೇಬೇಕಾದ್ದು ಯಾವುದು, ಆಸ್ಪತ್ರೆ ಕೊಡಬೇಕಾದ್ದು ಯಾವುದು? ಬಂಗಾರ ಅಡ ಇಡುವ ಮೊದಲು ಲೆಕ್ಕ ಗೊತ್ತಾಗಬೇಕು.

ನವನಗರ ಸಿಸ್ಟರ್, ಹುಬ್ಬಳ್ಳಿ

ಮೊದಲು ಆ 2 ಲಕ್ಷದ ಸಾಲನ್ನು ಪಟ್ಟಿಯಿಂದ ಹೊಡೆದುಹಾಕಿ. ಸಿಒಎಸ್ ಎಂದರೆ ಯುಕೆಯ ಉದ್ಯೋಗದಾತ ಅಲ್ಲಿನ ಹೋಮ್ ಆಫೀಸಿನಿಂದ ಪಡೆಯುವ ಪ್ರಾಯೋಜಕತ್ವದ ಪತ್ರ. 2025ರ ಏಪ್ರಿಲ್‌ನಿಂದ ಅದರ ಶುಲ್ಕ 525 ಪೌಂಡ್, ಕಟ್ಟುವವರು ಉದ್ಯೋಗದಾತರು. 2024ರ ಡಿಸೆಂಬರ್ 31ರಿಂದೀಚೆಗೆ ಕೊಟ್ಟ ಸಿಒಎಸ್ ಶುಲ್ಕವನ್ನು ಸ್ಕಿಲ್ಡ್ ವರ್ಕರ್‌ ಮೇಲೆ ಹೇರಿದರೆ ಅವರ ಪ್ರಾಯೋಜಕ ಪರವಾನಗಿಯೇ ಹೋಗಬಹುದು. ವಿದೇಶಿಯರನ್ನು ಕೆಲಸಕ್ಕೆ ತೆಗೆದುಕೊಂಡಾಗ ಬೀಳುವ ಇಮಿಗ್ರೇಶನ್ ಸ್ಕಿಲ್ಸ್ ಚಾರ್ಜ್ ಕೂಡ ಅವರೇ ಕಟ್ಟಬೇಕು. ಸಿಒಎಸ್‌ಗೆ ಹಣ ಕೇಳುವ ಏಜೆಂಟ್ ಒಂದೋ ಕಾನೂನುಬಾಹಿರ ವ್ಯಾಪಾರ ಮಾಡುತ್ತಿದ್ದಾನೆ, ಇಲ್ಲವೇ ಇಲ್ಲದ ಕೆಲಸವನ್ನು ಮಾರುತ್ತಿದ್ದಾನೆ. ಆಸ್ಪತ್ರೆಯ ಹೆಸರು ಕೇಳಿ, ಯುಕೆ ಸರ್ಕಾರದ ವೆಬ್‌ಸೈಟಿನಲ್ಲಿರುವ ಲೈಸೆನ್ಸ್ಡ್ ಸ್ಪಾನ್ಸರ್‌ಗಳ ಪಟ್ಟಿಯಲ್ಲಿ ಹುಡುಕಿ. ಏಜೆನ್ಸಿಯ ಹೆಸರು ಅಲ್ಲಿನ ಸರ್ಕಾರಿ ಆಸ್ಪತ್ರೆಗಳ ಸಂಸ್ಥೆ ಎನ್‌ಎಚ್‌ಎಸ್ ಎಂಪ್ಲಾಯರ್ಸ್‌ನ ನೈತಿಕ ನೇಮಕಾತಿದಾರರ ಪಟ್ಟಿಯಲ್ಲಿದೆಯೇ ನೋಡಿ. ಅಲ್ಲಿನ ನೇಮಕಾತಿ ಸಂಹಿತೆಯ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ಅಭ್ಯರ್ಥಿಯಿಂದ ಶುಲ್ಕ ಪಡೆಯುವ ಹಾಗಿಲ್ಲ.

ಇನ್ನು ನಿಜವಾದ ಲೆಕ್ಕ. ಪೌಂಡಿಗೆ 115 ರೂ. ಹಿಡಿದಿದ್ದೇನೆ. ಎನ್‌ಎಂಸಿ ಅರ್ಹತಾ ಪರಿಶೀಲನೆ 140 ಪೌಂಡ್, ಸಿಬಿಟಿ ಎಂಬ ಕಂಪ್ಯೂಟರ್ ಪರೀಕ್ಷೆ 83, ಕೊನೆಯಲ್ಲಿ ನೋಂದಣಿ 153. ಮೂರೂ ಸೇರಿ 376 ಪೌಂಡ್, ಅಂದರೆ 43,240 ರೂ. ಅಲ್ಲಿಗೆ ಹೋದ ಮೇಲೆ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ 794 ಪೌಂಡ್, 91,310 ರೂ. ಎನ್‌ಎಚ್‌ಎಸ್ ಟ್ರಸ್ಟ್‌ಗಳಲ್ಲಿ ಬಹುತೇಕ ಮೊದಲ ಓಸ್ಕಿ, ವಿಮಾನದ ಟಿಕೆಟ್, ವೀಸಾ ಶುಲ್ಕವನ್ನು ಆಸ್ಪತ್ರೆಯೇ ಭರಿಸುತ್ತದೆ ಅಥವಾ ಮರುಪಾವತಿ ಮಾಡುತ್ತದೆ. ಆಫರ್ ಲೆಟರ್‌ನಲ್ಲಿ ಇವು ಒಂದೊಂದಾಗಿ ಬರೆದಿರಬೇಕು. ಆಸ್ಪತ್ರೆಯೇ ಓಸ್ಕಿ ಕಟ್ಟುವಾಗ ಏಜೆಂಟ್ 1.6 ಲಕ್ಷ ಕೇಳಿದರೆ ಅದರಲ್ಲಿ ಲಕ್ಷಕ್ಕೂ ಮೇಲೆ ಅವನ ಜೇಬಿಗೇ ಹೋಗುತ್ತದೆ. ಎನ್‌ಎಂಸಿ ಅರ್ಜಿ ಪೂರ್ತಿ ಆನ್‌ಲೈನ್, ನೀವೇ ತುಂಬಬಹುದು. ಲಾಗಿನ್ ಮತ್ತು ಇಮೇಲ್ ನಿಮ್ಮ ಹೆಸರಲ್ಲೇ ಇರಲಿ. ಏಜೆಂಟರ ಇಮೇಲ್ ಹಾಕಿಸಿದರೆ ಮುಂದೆ ಅವರನ್ನು ಬಿಟ್ಟು ಹೊರಬರುವುದು ಕಷ್ಟ.

ವೀಸಾ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಹೆಲ್ತ್ ಅಂಡ್ ಕೇರ್ ವರ್ಕರ್ ವೀಸಾ 2025ರ ದರದಲ್ಲಿ 3 ವರ್ಷದವರೆಗೆ 304 ಪೌಂಡ್, ಅದಕ್ಕಿಂತ ಹೆಚ್ಚಿಗೆ 590. ಅಂದರೆ 34,960 ಅಥವಾ 67,850 ರೂ. ಐದು ವರ್ಷದ ಸಿಒಎಸ್ ಆಗಿದ್ದರೆ 70 ಸಾವಿರ ಸರಿಯೇ, ಮೂರು ವರ್ಷದ್ದಾಗಿದ್ದರೆ ದುಪ್ಪಟ್ಟು. ಅವಧಿ ಎಷ್ಟೆಂದು ಬರವಣಿಗೆಯಲ್ಲಿ ಕೇಳಿ. ಈ ವೀಸಾದವರಿಗೆ ವರ್ಷಕ್ಕೆ 1,035 ಪೌಂಡಿನ ಆರೋಗ್ಯ ಸರ್‌ಚಾರ್ಜ್ ಇಲ್ಲ. ಯಾರಾದರೂ ಆ ಹೆಸರಿನಲ್ಲಿ ಕೇಳಿದರೆ ಕೊಡಬೇಡಿ.

ನಿಮ್ಮ ಕೈಯಿಂದಲೇ ಹೋಗುವ ದೊಡ್ಡ ಖರ್ಚು ಇಂಗ್ಲಿಷ್ ಪರೀಕ್ಷೆ. ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಓಇಟಿ ಪರೀಕ್ಷೆಯ ಶುಲ್ಕ 587 ಆಸ್ಟ್ರೇಲಿಯನ್ ಡಾಲರ್, ಐಇಎಲ್‌ಟಿಎಸ್ ಅದರ ಅರ್ಧದ ಆಸುಪಾಸು. ಓಇಟಿಯಲ್ಲಿ ಓದು, ಕೇಳು, ಮಾತು ಮೂರಕ್ಕೂ ಬಿ ಗ್ರೇಡ್, ಬರವಣಿಗೆಗೆ ಸಿ ಪ್ಲಸ್ ಸಾಕು. ಐಇಎಲ್‌ಟಿಎಸ್‌ನಲ್ಲಿ ಕ್ರಮವಾಗಿ 7 ಮತ್ತು 6.5. ಒಂದೇ ಸಲಕ್ಕೆ ಎಲ್ಲವೂ ಬರದಿದ್ದರೆ 12 ತಿಂಗಳೊಳಗಿನ ಎರಡು ಸಲದ ಅಂಕಗಳನ್ನು ಎನ್‌ಎಂಸಿ ಜೋಡಿಸಿಕೊಳ್ಳುತ್ತದೆ, ಆದರೆ ಎರಡೂ ಸಲ ಯಾವ ವಿಭಾಗದಲ್ಲೂ ಜೋಡಣೆಗೆಂದು ಇಟ್ಟಿರುವ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದಿರಬಾರದು. ಇದು ಗೊತ್ತಿಲ್ಲದೆ ಮೂರನೇ ಸಲ ಹಣ ಕಟ್ಟುವವರು ಬಹಳ. ಈ ಪರೀಕ್ಷೆ ಪಾಸಾಗುವ ತನಕ ಬೇರೆ ಯಾವುದಕ್ಕೂ ಒಂದು ರೂಪಾಯಿ ಕೊಡಬೇಡಿ.

ಕಾರ್ಡಿನ ವಿಷಯವನ್ನೂ ಮರೆಯಬೇಡಿ. ಸಾಮಾನ್ಯ ಡೆಬಿಟ್ ಕಾರ್ಡಿನಲ್ಲಿ ವಿದೇಶಿ ಕರೆನ್ಸಿ ಕಟ್ಟಿದರೆ ಶೇ 3.5ರವರೆಗೆ ಮಾರ್ಕಪ್ (ಬ್ಯಾಂಕಿನ ಹೆಚ್ಚುವರಿ ಶುಲ್ಕ), ಅದರ ಮೇಲೆ ಶೇ 18 ಜಿಎಸ್‌ಟಿ. ಮೇಲಿನದನ್ನೆಲ್ಲ ಮೂರು ವರ್ಷದ ವೀಸಾ ಹಿಡಿದು ಕೂಡಿಸಿದರೆ 1,474 ಪೌಂಡ್. ಅಷ್ಟಕ್ಕೆ ಸುಮಾರು 7,000 ರೂ. ಹೀಗೇ ಹೋಗುತ್ತದೆ. ಮಾರ್ಕಪ್ ಇಲ್ಲದ ಕಾರ್ಡ್ ಮಾಡಿಸಿಕೊಳ್ಳಿ.

ಸತ್ತೂರ ಕಾಲೋನಿ, ಧಾರವಾಡ

ಡಾಕ್ಯುಮೆಂಟ್‌ಗೆ 50 ಸಾವಿರ ಅಂದಾರಲ್ರೀ, ಅದರಾಗ ಏನೇನ್ ಬರತೈತಿ ಅಂತ ಬಿಡಿಸಿ ಬರೆಸ್ಕೊಳ್ರಿ. ಯುಕೆಗೆ ಅಪೊಸ್ಟಿಲ್ (ಕಾಗದ ಖರೇ ಅಂತ ಸರ್ಕಾರ ಹಾಕೋ ಮುದ್ರಿ) ಬೇಕಂತ ಹೇಳಿ ರೊಕ್ಕಾ ತಗೊಳ್ಳೂದು ಐತಿ. ಎನ್‌ಎಂಸಿ ಅಪೊಸ್ಟಿಲ್ ಕೇಳೂದಿಲ್ಲ, ಕೌನ್ಸಿಲ್‌ನಿಂದ ನೋಂದಣಿ ಖಾತ್ರಿ ಆಗಬೇಕು ಅಷ್ಟ. ಗಲ್ಫ್‌ಗೆ ಆದ್ರ ಬೇಕಾಗತೈತಿ. ಸೌದಿ, ಒಮಾನ್, ಬಹ್ರೇನ್ ಅಪೊಸ್ಟಿಲ್ ಒಪ್ಪತಾವು. ಯುಎಇ, ಕುವೈತ್, ಕತಾರಿಗೆ ಎಂಬಸಿ ಅಟೆಸ್ಟೇಶನ್ ತನಕಾ ಹೋಗಬೇಕು, ಅದಕ್ಕ ರೊಕ್ಕಾನೂ ಜಾಸ್ತಿ. ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಫೀ ಒಂದು ಕಾಗದಕ್ಕ 50 ರೂಪಾಯಿ, ಮ್ಯಾಲಿಂದು ಕಾಗದ ತಗೊಳ್ಳೋ ಸಂಸ್ಥೆ ಸೇವಾ ಶುಲ್ಕ. ಒಂದು ಕಾಗದಕ್ಕ ನಾಕೈದು ಸಾವಿರ ಅಂದ್ರ ಯಾಕ್ ಅಂತ ಕೇಳ್ರಿ.

ನಿಜವಾದ ಖರ್ಚು ಆಗೂದು ಹೆಸರು ಕೂಡಲಾರದ್ದಕ್ಕ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಾಗ 'ಸವಿತಾ ಬಿ ಹಿರೇಮಠ', ಪಾಸ್‌ಪೋರ್ಟ್‌ನಾಗ 'ಸವಿತಾ ಬಸಯ್ಯ ಹಿರೇಮಠ', ಕೌನ್ಸಿಲ್ ಸರ್ಟಿಫಿಕೇಟ್‌ನಾಗ ಬರೇ 'ಸವಿತಾ ಬಿ', ಲಗ್ನ ಆದಮ್ಯಾಲ ಆಧಾರ್‌ನಾಗ ಗಂಡನ ಮನಿ ಅಡ್ಡಹೆಸರು. ನಾಕು ಕಾಗದಕ್ಕ ನಾಕು ಹೆಸರು. ಪರಿಶೀಲನೆ ಮಾಡಾವ್ರು ಒಂದಕ್ಕೊಂದು ತಾಳೆ ಆಗಲಿಲ್ಲ ಅಂದ್ರ ಫೈಲ್ ನಿಲ್ಲಿಸತಾರ, ಅಷ್ಟರಾಗ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಪತ್ರ) ಹಳೇದಾಗತೈತಿ, ಮತ್ತ ಫೀ. ಅಫಿಡವಿಟ್ ಕೆಲವು ಕಡೆ ನಡೀತೈತಿ, ಎಲ್ಲಾ ಕಡೆ ನಡೆಯಂಗಿಲ್ಲ. ಅದಕ್ಕ ಮೊದಲ ಪಾಸ್‌ಪೋರ್ಟು, ಕೌನ್ಸಿಲ್ ಎರಡರಾಗೂ ಒಂದ ಹೆಸರು ಮಾಡ್ಕೊಳ್ರಿ, ಆಮ್ಯಾಲ ಉಳಿದದ್ದು. ಕೌನ್ಸಿಲ್ ನವೀಕರಣ ಬಾಕಿ ಇದ್ರ ಅದನ್ನೂ ಇದ ಹೊತ್ತಿಗೆ ಮುಗಿಸ್ರಿ.

ಎರಡನೇದು ಅನುಭವ ಪತ್ರ. ಲೆಟರ್‌ಹೆಡ್ ಮ್ಯಾಲ ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆ 'ಸ್ಟಾಫ್ ನರ್ಸ್', ವಿಭಾಗ ಐಸಿಯು, ಆಸ್ಪತ್ರೆಗೆ ಎಷ್ಟು ಬೆಡ್, ವಾರಕ್ಕ ಎಷ್ಟು ತಾಸು, ಸಹಿ ಮಾಡಿದವರ ಹೆಸರು, ಹುದ್ದೆ, ಆಸ್ಪತ್ರೆ ಅಧಿಕೃತ ಇಮೇಲ್. ಗಲ್ಫ್‌ನ ಡೇಟಾಫ್ಲೋ ಅನ್ನೋ ದಾಖಲೆ ಪರಿಶೀಲನಾ ಸಂಸ್ಥೆಯವರು ಆ ಇಮೇಲ್‌ಗೇ ಬರೀತಾರ. ಸಹಿ ಮಾಡಿದ ಸೂಪರಿಂಟೆಂಡೆಂಟ್ ಕೆಲಸ ಬಿಟ್ಟು ಹೋಗಿದ್ರ, ಎಚ್‌ಆರ್‌ಗೆ ನಿಮ್ಮ ಫೈಲ್ ಸಿಗಲಿಲ್ಲ ಅಂದ್ರ 'ಪರಿಶೀಲಿಸಲು ಆಗಲಿಲ್ಲ' ಅಂತ ವರದಿ ಬರತೈತಿ, ಕಟ್ಟಿದ ಫೀ ಹೋಗತೈತಿ. ಕಟ್ಟೋ ಮುಂಚೇನ ಎಚ್‌ಆರ್‌ಗೆ ಹೋಗಿ ಇಂಥಾ ಇಮೇಲ್ ಬರತೈತ್ರೀ ಅಂತ ಹೇಳಿ ಬರ್ರಿ. ತಾರೀಖಿನಾಗ ಒಂದು ತಿಂಗಳಾನೂ ಹೆಚ್ಚು ಬರೆಸಬ್ಯಾಡ್ರಿ. ಡೇಟಾಫ್ಲೋ ನೆಗೆಟಿವ್ ಬಂದ್ರ ಆ ದಾಖಲೆ ಉಳೀತೈತಿ.

ಓಡಾಟ: ಕೌನ್ಸಿಲ್, ವಿವಿ, ಜಿಎನ್‌ಎಂ ಆದವರಿಗೆ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ, ಯುಕೆ ವೀಸಾ ಕೇಂದ್ರ, ಎಲ್ಲಾ ಬೆಂಗಳೂರಾಗ. ಪಿಸಿಸಿ ಮಾತ್ರ ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರದಾಗ ಆಗತೈತಿ, ಫೀ 500. ಬೆಂಗಳೂರು ಕೆಲಸ ಕೂಡಿಸ್ಕೊಂಡು ರಾಣಿ ಚೆನ್ನಮ್ಮಾ ರಾತ್ರಿ ಗಾಡಿಗೆ ಹೋಗಿ ಮರುದಿನ ರಾತ್ರಿ ವಾಪಸ್ ಬಂದ್ರ ಲಾಡ್ಜ್ ಖರ್ಚು ಉಳೀತೈತಿ. ಟಿಬಿ ಪರೀಕ್ಷೆ ಸರ್ಟಿಫಿಕೇಟ್ 6 ತಿಂಗಳಷ್ಟ ನಡೀತೈತಿ, ಸಿಒಎಸ್ ಕೈಗೆ ಬರೂ ಮುಂಚೆ ಅವಸರ ಮಾಡಬ್ಯಾಡ್ರಿ.

ರಾಣೇಬೆನ್ನೂರು ಓದುಗ, ಹಾವೇರಿ ಜಿಲ್ಲೆ

ಸೌದಿ, ಕುವೈತ್ ಕಡೆಯ ಮಾತು. ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ, ಅಂದರೆ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕಾದ 18 ದೇಶಗಳಲ್ಲಿ ಇವೂ ಇವೆ. ಪದವೀಧರರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಕ್ಲಿಯರೆನ್ಸ್ ಬೇಡ, ಆದರೆ 2015ರಿಂದ ನರ್ಸ್‌ಗಳಿಗೆ ಮಾತ್ರ ಅದು ಕಡ್ಡಾಯ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್ ಮೂಲಕ, ಸರ್ಕಾರ ಒಪ್ಪಿದ ಏಜೆನ್ಸಿಯಿಂದಲೇ ಹೋಗಬೇಕು. ಕೇರಳದ ನೋರ್ಕಾ ರೂಟ್ಸ್, ಒಡೆಪೆಕ್ ಇಂಥವು. ನಮ್ಮಲ್ಲಿ ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಅಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಬೆಂಗಳೂರಿನಲ್ಲಿದೆ, ಅಲ್ಲಿ ಹೆಸರು ನೋಂದಾಯಿಸಿ.

ಈ ನಿಯಮ ಸುಮ್ಮನೆ ಬಂದದ್ದಲ್ಲ. ಕುವೈತ್ ನೇಮಕಾತಿಗೆ 19,500 ರೂ. ಪಡೆಯಬೇಕಿದ್ದ ಕೊಚ್ಚಿಯ ಏಜೆನ್ಸಿಯೊಂದು ಒಬ್ಬೊಬ್ಬ ನರ್ಸ್‌ನಿಂದ 19.5 ಲಕ್ಷ ವಸೂಲಿ ಮಾಡಿದೆ ಎಂದು 2015ರಲ್ಲಿ ಸಿಬಿಐ ಪ್ರಕರಣ ದಾಖಲಿಸಿತ್ತು. ಈಗ ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂ. ಮತ್ತು ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 35,400. ರಸೀದಿ ಕೊಡಲೇಬೇಕು. ಪರವಾನಗಿ ಸಂಖ್ಯೆಯನ್ನು ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಬೇರೆ ಊರಿನ ಪರವಾನಗಿ ತೋರಿಸಿ 'ನಾವು ಅವರ ಸಬ್ ಏಜೆಂಟ್' ಅಂದರೆ ಅಲ್ಲಿಂದಲೇ ಎದ್ದು ಬನ್ನಿ.

ಕೈಯಿಂದ ಹೋಗುವುದು ಡೇಟಾಫ್ಲೋ, ಪ್ರೊಮೆಟ್ರಿಕ್ ಎಂಬ ಲೈಸೆನ್ಸ್ ಪರೀಕ್ಷೆ, ವಾಫಿದ್ ವೆಬ್‌ಸೈಟ್ ಮೂಲಕ ಮೆಡಿಕಲ್ (ವೈದ್ಯಕೀಯ ತಪಾಸಣೆ), ಅಟೆಸ್ಟೇಶನ್. ಪ್ರವಾಸಿ ಭಾರತೀಯ ಬಿಮಾ ಯೋಜನೆ ಎರಡು ವರ್ಷಕ್ಕೆ 275 ರೂ., ಮೂರು ವರ್ಷಕ್ಕೆ 375 ಮತ್ತು ಜಿಎಸ್‌ಟಿ, 10 ಲಕ್ಷದ ರಕ್ಷೆ. ಮೆಡಿಕಲ್ಲನ್ನು ವೀಸಾ ಹಂತಕ್ಕೆ ಬಂದ ಮೇಲೆ ಮಾಡಿಸಿ, ಬೇಗ ಮಾಡಿಸಿದರೆ ಅವಧಿ ಮುಗಿದು ಮತ್ತೆ ಮಾಡಿಸಬೇಕಾಗುತ್ತದೆ. ವಿಸಿಟ್ ವೀಸಾದಲ್ಲಿ ಕಳಿಸಿ ಅಲ್ಲಿ ಬದಲಿಸ್ತೇವೆ ಅಂದರೆ ಒಪ್ಪಬೇಡಿ. ವಿಮೆಯೂ ಇಲ್ಲ, ಕರಾರು ದಾಖಲೆಯೂ ಇಲ್ಲ, ಸಂಬಳ ನಿಂತರೆ ದೂರು ಕೊಡಲು ಆಧಾರವೇ ಇರುವುದಿಲ್ಲ.

ಬೆಟಗೇರಿ ಆರ್‌ಎನ್, ಗದಗ

ತುಂಬ ಉಪಕಾರ ಆಯ್ತು. ಇನ್ನೆರಡು ಪ್ರಶ್ನೆ. ಮಾದರಿ ಕರಾರಿನಲ್ಲಿ 'ಮೂರು ವರ್ಷದೊಳಗೆ ಬಿಟ್ಟರೆ 3,600 ಪೌಂಡ್ ಮರುಪಾವತಿ' ಅಂತಿದೆ, ಇದು ಸರಿಯೇ? ಅಲ್ಲಿಗೆ ಇಳಿದ ಮೇಲೆ ಮೊದಲ ತಿಂಗಳಿಗೆ ಎಷ್ಟು ಇಟ್ಟುಕೊಂಡಿರಬೇಕು?

ನವನಗರ ಸಿಸ್ಟರ್, ಹುಬ್ಬಳ್ಳಿ

ಮರುಪಾವತಿ ಷರತ್ತು ಇರಬಹುದು, ಆದರೆ ಯುಕೆ ಸಂಹಿತೆಯಂತೆ ಅದು ಪಾರದರ್ಶಕವಾಗಿರಬೇಕು, ಖರ್ಚಿಗೆ ತಕ್ಕಂತಿರಬೇಕು, ಸಮಯ ಕಳೆದಂತೆ ಇಳಿಯಬೇಕು. 3,600 ಪೌಂಡ್ 36 ತಿಂಗಳಿಗೆ ಅಂದರೆ ತಿಂಗಳಿಗೆ 100 ಇಳಿಯಬೇಕು. 30 ತಿಂಗಳು ದುಡಿದವರು 600 ಕೊಡಬೇಕೇ ಹೊರತು ಪೂರ್ತಿ 3,600 ಅಲ್ಲ. ಆ ಮೊತ್ತ ಯಾವ ಯಾವ ಖರ್ಚಿನದು ಅಂತ ಪಟ್ಟಿ ಕೇಳಿ. ಸಿಒಎಸ್, ಸ್ಕಿಲ್ಸ್ ಚಾರ್ಜ್ ಅದರಲ್ಲಿ ಸೇರಿದ್ದರೆ ತೆಗೆಸಿ. ಸಹಿ ಹಾಕುವ ಮೊದಲೇ ಕೇಳಬೇಕು, ಆಮೇಲೆ ಯಾರೂ ಬದಲಿಸುವುದಿಲ್ಲ.

ಮೊದಲ ತಿಂಗಳಿಗೆ ಆಸ್ಪತ್ರೆ ವಸತಿ ಕೊಡುತ್ತದೆಯೇ ಎನ್ನುವುದೇ ಮುಖ್ಯ. ಕೊಡದಿದ್ದರೆ ತಿಂಗಳಿಗೆ 600 ಪೌಂಡಿನ ಕೋಣೆ ಎಂದಿಟ್ಟುಕೊಳ್ಳಿ. ಇಂಗ್ಲೆಂಡಿನಲ್ಲಿ ಠೇವಣಿ ಐದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವ ಹಾಗಿಲ್ಲ, ಅದು 692 ಪೌಂಡ್. ಮುಂಗಡ ಬಾಡಿಗೆ ಸೇರಿ 1,292, ಅಂದರೆ ಸುಮಾರು 1.49 ಲಕ್ಷ ರೂ. ಇದರ ಮೇಲೆ ಊಟ, ಬಸ್ಸು, ದಪ್ಪ ಕೋಟು. ಆ ತಿಂಗಳ ಸಂಬಳಪಟ್ಟಿ ಮುಚ್ಚುವ ಪೇರೋಲ್ ಕಟ್‌ಆಫ್ ದಿನದ ನಂತರ ಸೇರಿದರೆ ಮೊದಲ ಸಂಬಳ ಮುಂದಿನ ತಿಂಗಳಿಗೆ ಹೋಗುತ್ತದೆ. ಆ ದಿನ ಯಾವುದು ಅಂತ ಎಚ್‌ಆರ್‌ಗೆ ಕೇಳಿ ವಿಮಾನದ ದಿನ ಗೊತ್ತುಮಾಡಿ, ಸಂಬಳದ ಮುಂಗಡವನ್ನೂ ಕೇಳಿ. ವೀಸಾ ಅರ್ಜಿಗೆ 1,270 ಪೌಂಡ್ 28 ದಿನ ಖಾತೆಯಲ್ಲಿ ತೋರಿಸಬೇಕೆಂಬ ನಿಯಮವಿದೆ. ಉದ್ಯೋಗದಾತರು ಸಿಒಎಸ್‌ನಲ್ಲೇ ನಿಮ್ಮ ಆರಂಭದ ಖರ್ಚನ್ನು ತಾವು ನೋಡಿಕೊಳ್ಳುವುದಾಗಿ (ಮೆಂಟೆನೆನ್ಸ್) ಪ್ರಮಾಣೀಕರಿಸಿದರೆ ಅದೂ ಬೇಡ.

ಓಸ್ಕಿಗೂ ಸ್ವಲ್ಪ ತೆಗೆದಿಡಿ. ಕೌಶಲ ಪರೀಕ್ಷಿಸುವ ಹತ್ತು ಸ್ಟೇಷನ್‌ಗಳಲ್ಲಿ ಏಳರವರೆಗೆ ಫೇಲಾದರೆ ಮರುಪರೀಕ್ಷೆ 397 ಪೌಂಡ್, ಎಂಟು ಅಥವಾ ಹೆಚ್ಚಾದರೆ ಮತ್ತೆ ಪೂರ್ತಿ 794. ಮರುಪರೀಕ್ಷೆಯ ಹಣ ಯಾರದು ಅಂತ ಆಫರ್‌ನಲ್ಲಿ ನೋಡಿ. ನೋಂದಣಿ ಆಗುವ ತನಕ ಸಂಬಳ ಸಾಮಾನ್ಯವಾಗಿ ನೋಂದಾಯಿತ ನರ್ಸ್‌ಗಳ ದರ್ಜೆಯಾದ ಬ್ಯಾಂಡ್ 5ಕ್ಕಿಂತ ಕೆಳಗೇ ಇರುತ್ತದೆ, ಇಎಂಐ ಲೆಕ್ಕ ಹಾಕುವಾಗ ಅದನ್ನೇ ಹಿಡಿಯಿರಿ.

ರಾಣೇಬೆನ್ನೂರು ಓದುಗ, ಹಾವೇರಿ ಜಿಲ್ಲೆ

ಸಾಲದ ಬಗ್ಗೆ ಒಂದು ಮಾತು. 2 ಲಕ್ಷಕ್ಕೆ ಬ್ಯಾಂಕಿನ ಬಂಗಾರದ ಸಾಲ ತಿಂಗಳಿಗೆ ಶೇ 1ರ ಹತ್ತಿರ ಅಂದರೆ 2,000 ರೂ. ಬಡ್ಡಿ. ಊರಲ್ಲಿ ಶೇ 3ಕ್ಕೆ ತಂದರೆ 6,000, ಹತ್ತು ತಿಂಗಳಿಗೆ 60 ಸಾವಿರ. ಇಡೀ ಪ್ರಕ್ರಿಯೆ ವರ್ಷದ ಹತ್ತಿರ ಹಿಡಿಯುವುದುಂಟು, ಆದ್ದರಿಂದ ಒಟ್ಟಿಗೆ ಎತ್ತಬೇಡಿ. ಇಂಗ್ಲಿಷ್ ಪರೀಕ್ಷೆ, ಎನ್‌ಎಂಸಿ ಪರಿಶೀಲನೆ ಮತ್ತು ಸಿಬಿಟಿ ಸಂಬಳದಲ್ಲೇ ಕಟ್ಟಬಹುದಾದ ಮೊತ್ತ. ಬಂಗಾರ ಅಡ ಇಡುವ ಮಾತು ಸಿಒಎಸ್ ಕೈಗೆ ಬಂದ ಮೇಲೆ, ವೀಸಾ ಮತ್ತು ಮೊದಲ ತಿಂಗಳ ಖರ್ಚಿಗಷ್ಟೇ.

ಏಜೆಂಟರಿಗೆ ಈಗ ಕೇಳಬೇಕಾದ್ದು ಇಷ್ಟು: ಆಸ್ಪತ್ರೆಯ ಹೆಸರು, ಪರವಾನಗಿ ಸಂಖ್ಯೆ, ಪ್ರತಿ ಸಾಲಿಗೆ ಯಾರಿಗೆ ಹೋಗುವ ಹಣ ಎಂಬ ವಿವರ, ಇಂಟರ್‌ವ್ಯೂ ಆಗದಿದ್ದರೆ ವಾಪಸ್ ಎಷ್ಟು. ನಾಲ್ಕೂ ಇಮೇಲ್‌ನಲ್ಲಿ ಬರಲಿ. ಮೂಲ ಅಂಕಪಟ್ಟಿ, ಪಾಸ್‌ಪೋರ್ಟ್ ಯಾರ ಕೈಗೂ ಕೊಟ್ಟು ಬರಬೇಡಿ, ಸ್ಕ್ಯಾನ್ ಸಾಕು.