ಪದಚರ್ಚೆ: ಸಿಂಬಾಲಿಕ್ ಲಿಂಕ್ ಅಂದರೆ ಕೊಂಡಿಯೋ, ಕೈಮರವೋ?

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ಮೈಸೂರು, ಮಂಡ್ಯದ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಲಿನಕ್ಸ್ ಲ್ಯಾಬ್ ಕೈಪಿಡಿಯೊಂದು ಕನ್ನಡದಲ್ಲಿ ತಯಾರಾಗುತ್ತಿದೆ. ಕರಡಿನಲ್ಲಿ 'ಸಿಂಬಾಲಿಕ್ ಲಿಂಕ್'ಗೆ (ಬೇರೊಂದು ಫೈಲಿನ ದಾರಿ ತೋರಿಸುವ ಫೈಲಿಗೆ) 'ಸಾಂಕೇತಿಕ ಕೊಂಡಿ' ಎಂದಿದೆ. ಬಿಲ್ಡ್ (ಕೋಡಿನಿಂದ ಪ್ರೋಗ್ರಾಂ ಕಟ್ಟುವ ಕೆಲಸ) ಫೇಲಾದಾಗ ಏನೇನು ನೋಡಬೇಕು ಎಂಬ ಅಧ್ಯಾಯಕ್ಕೆ ಬಂದಾಗ ಈ ಪದ ಕೈಕೊಡುತ್ತಿದೆ. 'ಕೊಂಡಿ ಕಳಚಿದೆ' ಎಂದು ಓದಿದವರು ಲಿಂಕೇ ಅಳಿಸಿಹೋಗಿದೆ ಅಂದುಕೊಳ್ಳುತ್ತಾರೆ. ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಆದೇಶ ಕೊಟ್ಟರೆ ಅದು ಕಣ್ಣೆದುರೇ ಇರುತ್ತದೆ. ಕಂಪೈಲರ್ ಮಾತ್ರ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಅನ್ನುತ್ತದೆ. ಸಾಲದ್ದಕ್ಕೆ, ಲಿಂಕರ್ (ಕಂಪೈಲಾದ ತುಣುಕುಗಳನ್ನು ಒಂದು ಪ್ರೋಗ್ರಾಂ ಆಗಿ ಸೇರಿಸುವ ಸಾಧನ) ಮಾಡುವ ಕೆಲಸವನ್ನೂ 'ಕೊಂಡಿ ಹಾಕುವುದು' ಎಂದೇ ಬರೆದಿದ್ದಾರೆ. ಹಾಗಾದರೆ 'ಕೊಂಡಿ ದೋಷ' ಯಾವುದರ ದೋಷ? ಹಾರ್ಡ್ ಲಿಂಕ್ (ಒಂದೇ ಫೈಲಿಗೆ ಇನ್ನೊಂದು ಹೆಸರು) 'ಗಟ್ಟಿ ಕೊಂಡಿ'ಯಾಗಿದೆ, ಅದನ್ನು ಹೇಳಲೇಬಾರದಿತ್ತು. ಬೇರೆ ಪದ ಇದ್ದರೆ ತಿಳಿಸಿ.

ಉತ್ತರ (ಮಂಡ್ಯದಿಂದ)

ಮೊದಲು 'ಸಾಂಕೇತಿಕ' ತೆಗೆಯಿರಿ ಸರ್. ಸಾಂಕೇತಿಕ ಧರಣಿ, ಸಾಂಕೇತಿಕ ಮುಷ್ಕರ ಅಂದರೆ ನಮ್ಮ ಕಡೆ ಹೆಸರಿಗಷ್ಟೇ ನಡೆಸಿದ್ದು ಎಂದರ್ಥ. ಈ ಲಿಂಕ್ ಹೆಸರಿಗಷ್ಟೇ ಅಲ್ಲ, ದಿನವೂ ದುಡಿಯುತ್ತದೆ.

ಕೊಂಡಿಯೂ ಹೊಂದುವುದಿಲ್ಲ. ಸರದ ಕೊಂಡಿ ಎರಡೂ ತುದಿಯನ್ನು ಹಿಡಿದಿರುತ್ತದೆ. ಸಿಂಬಾಲಿಕ್ ಲಿಂಕ್ ಏನನ್ನೂ ಹಿಡಿದಿರುವುದಿಲ್ಲ. ಅದರೊಳಗೆ ಇರುವುದು ಒಂದು ವಿಳಾಸದ ಅಕ್ಷರಗಳು, ಅಷ್ಟೇ. ತನ್ನ ಕಡೆ ಯಾರು ತೋರಿಸುತ್ತಿದ್ದಾರೆ ಎಂಬುದು ಗುರಿಯ ಫೈಲಿಗೆ ಗೊತ್ತೇ ಇರುವುದಿಲ್ಲ. ಇಲ್ಲದ ಫೈಲಿಗೂ ಎಲ್‌ಎನ್ -ಎಸ್ ಆದೇಶ ತಕರಾರಿಲ್ಲದೆ ಲಿಂಕ್ ಮಾಡಿಕೊಡುತ್ತದೆ. 1983ರ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯ ಕಾಲದಿಂದಲೂ ಇದರ ಸ್ವಭಾವ ಇಷ್ಟೇ. ಇದಕ್ಕೆ ನಮ್ಮಲ್ಲಿ ಹಳೆಯ ಪದ ಇದೆ: ಕೈಮರ. ಕೂಡುರಸ್ತೆಯಲ್ಲಿ ನಿಂತು ಊರಿನ ದಾರಿ ತೋರಿಸುವ ಮರ. ಹಳೇ ಕನ್ನಂಬಾಡಿ ಊರು ಕೆಆರ್‌ಎಸ್ ಅಣೆಕಟ್ಟಿನ ನೀರಿನಡಿ ಹೋಯಿತು. ಆ ಊರಿಗೆ ನೆಟ್ಟ ಕೈಮರವೊಂದು ದಂಡೆಯ ಮೇಲೆ ಉಳಿದಿದೆ ಎಂದುಕೊಳ್ಳಿ. ಮರ ಇದೆ, ಊರಿಲ್ಲ. ನಿಮ್ಮ ಕಂಪೈಲರ್ ಹೇಳುತ್ತಿರುವುದೂ ಅದನ್ನೇ.

ಹಾರ್ಡ್ ಲಿಂಕ್ ಇದರ ತದ್ವಿರುದ್ಧ. ಕೆಆರ್‌ಎಸ್ ಅಂದರೂ ಕನ್ನಂಬಾಡಿ ಕಟ್ಟೆ ಅಂದರೂ ಕಟ್ಟೆ ಒಂದೇ, ಯಾವುದೂ ಇನ್ನೊಂದರ ಕೈಮರವಲ್ಲ. ಒಂದೇ ಐನೋಡಿಗೆ (ಡಿಸ್ಕಿನಲ್ಲಿ ಫೈಲಿನ ವಿವರ ಇರುವ ದಾಖಲೆಗೆ) ಎರಡು ಹೆಸರು. ಒಂದನ್ನು ಅಳಿಸಿದರೆ ಇನ್ನೊಂದರಲ್ಲಿ ಫೈಲ್ ಉಳಿದೇ ಇರುತ್ತದೆ. 'ಜೋಡಿಹೆಸರು' ಎನ್ನಬಹುದು.

ಸಾಪೇಕ್ಷ ವಿಳಾಸದ ತಪ್ಪನ್ನು ವಿವರಿಸಲೂ ಕೈಮರವೇ ಚೆಂದ. ಪ್ರಾಜೆಕ್ಟಿನ ಮೂಲ ಡೈರೆಕ್ಟರಿಯಲ್ಲಿ ನಿಂತು 'ಎಲ್‌ಎನ್ -ಎಸ್ ಇನ್‌ಕ್ಲೂಡ್/ಕಾನ್ಫಿಗ್.ಎಚ್ ಎಸ್‌ಆರ್‌ಸಿ/ಕಾನ್ಫಿಗ್.ಎಚ್' ಎಂದು ಕೊಡುತ್ತಾರೆ. ಆದರೆ ವಿಳಾಸ ಲೆಕ್ಕಕ್ಕೆ ಬರುವುದು ಲಿಂಕ್ ಇರುವ ಜಾಗದಿಂದ, ಆದೇಶ ಕೊಟ್ಟವನು ನಿಂತ ಜಾಗದಿಂದಲ್ಲ. ಹಾಗಾಗಿ ಹುಡುಕಾಟ ಎಸ್‌ಆರ್‌ಸಿ/ಇನ್‌ಕ್ಲೂಡ್ ಒಳಗೆ ನಡೆಯುತ್ತದೆ, ಅಲ್ಲಿ ಏನೂ ಇರುವುದಿಲ್ಲ. '../ಇನ್‌ಕ್ಲೂಡ್/ಕಾನ್ಫಿಗ್.ಎಚ್' ಎಂದಿರಬೇಕಿತ್ತು, ಗ್ನೂ ಎಲ್‌ಎನ್ ಆದರೆ -ಎಸ್‌ಆರ್ ಕೊಟ್ಟರೆ ಅದೇ ಲೆಕ್ಕ ಹಾಕಿಕೊಳ್ಳುತ್ತದೆ. 'ಎಡಕ್ಕೆ 2 ಕಿ.ಮೀ.' ಎಂಬ ಫಲಕವನ್ನು ಕಿತ್ತು ಇನ್ನೊಂದು ಕೂಡುರಸ್ತೆಯಲ್ಲಿ ನೆಟ್ಟರೆ ಆಗುವುದೂ ಇದೇ.

ಲಿಂಕರ್ ಕೆಲಸಕ್ಕೆ 'ಬೆಸುಗೆ' ಇಡಿ. ಆಗ ಎರಡೂ ಕೂಡಿಬರುವ ದೋಷವನ್ನು ಸಲೀಸಾಗಿ ಬರೆಯಬಹುದು. 'ಕೆನಾಟ್ ಫೈಂಡ್ -ಎಲ್‌ಝಡ್' (ಲಿಬ್‌ಝಡ್ ಲೈಬ್ರರಿ ಸಿಗಲಿಲ್ಲ) ಬಂದರೆ ಬೆಸುಗೆ ಸೋತಿದೆ, ಏಕೆಂದರೆ ಲಿಬ್‌ಝಡ್.ಎಸ್‌ಒ ಎಂಬ ಕೈಮರ ಇಲ್ಲ. ಲಿಬ್‌ಝಡ್.ಎಸ್‌ಒ.1 ಇರುವುದರಿಂದ ಹಳೆಯ ಪ್ರೋಗ್ರಾಂಗಳು ಓಡುತ್ತಲೇ ಇರುತ್ತವೆ, ಹೊಸ ಬಿಲ್ಡ್ ಮಾತ್ರ ಆಗುವುದಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಆ ಕೈಮರ ಬರುವುದು 'ಡೆವ್' ಪ್ಯಾಕೇಜಿನಲ್ಲಿ.

ಮರು ಉತ್ತರ (ಮೈಸೂರಿನಿಂದ, ಇನ್ನೊಬ್ಬರು)

ಕೈಮರ ಚೆನ್ನಾಗಿದೆ ಮೇಡಂ, ಒಪ್ಪಿದೆ. ಆದರೆ ಎರರ್ ಬರುವುದು ಇಂಗ್ಲಿಷಿನಲ್ಲಿ. ಹುಡುಗರು ಅದೇ ಪದ ಕೊಟ್ಟು ಹುಡುಕಬೇಕು. ಹೆಸರು 'ಸಿಮ್‌ಲಿಂಕ್' ಎಂದೇ ಇರಲಿ, ಕೈಮರ ವಿವರಣೆಗೆ ಬರಲಿ. ವಿಂಡೋಸ್‌ನಲ್ಲಿ ಗಿಟ್ ಕ್ಲೋನ್ ಮಾಡಿ ಕೋಡಿನ ಪ್ರತಿ ಇಳಿಸಿಕೊಂಡಾಗಿನ ಪೇಚಿಗೆ ಆ ವಿವರಣೆ ಬೇಕೇ ಬೇಕು: ಗಿಟ್‌ನ ಕೋರ್.ಸಿಮ್‌ಲಿಂಕ್ಸ್ ಸೆಟ್ಟಿಂಗ್ ಫಾಲ್ಸ್ ಆಗಿದ್ದರೆ ಲಿಂಕ್ ಬದಲು ಸಾದಾ ಫೈಲ್ ಬರುತ್ತದೆ, ಒಳಗೆ ವಿಳಾಸದ ಒಂದೇ ಸಾಲು. ಮರವಿಲ್ಲ, ಅದರ ಮೇಲಿನ ಬರಹ ಮಾತ್ರ. ಕಂಪೈಲರ್ ಅದನ್ನೇ ಸಿ ಕೋಡ್ ಎಂದು ಓದಿ ಮೊದಲ ಸಾಲಿನಲ್ಲೇ ಎಡವುತ್ತದೆ.

ನನ್ನ ತಕರಾರು 'ಬ್ರೋಕನ್ ಲಿಂಕ್' ಎಂಬ ಇಂಗ್ಲಿಷ್ ಪದದ ಬಗ್ಗೆ. ಕನ್ನಡದಲ್ಲಿ ಇದನ್ನು ಎರಡು ಮಾಡೋಣ. ಗುರಿಯೇ ಇಲ್ಲದಿದ್ದರೆ 'ಗುರಿಯಿಲ್ಲದ ಲಿಂಕ್'. ಗುರಿ ಇದ್ದು, ಅದು ಹಳೆಯ ಆವೃತ್ತಿಯಾಗಿದ್ದರೆ 'ಗುರಿ ತಪ್ಪಿದ ಲಿಂಕ್'. ಮೊದಲನೆಯದು ಬಿಲ್ಡನ್ನು ನಿಲ್ಲಿಸುತ್ತದೆ, 'ಫೈಂಡ್ . -ಎಕ್ಸ್‌ಟೈಪ್ ಎಲ್' ಕೊಟ್ಟರೆ ಸಿಕ್ಕಿಬೀಳುತ್ತದೆ. ಎರಡನೆಯದು ಹಳೆಯ ಹೆಡರ್ (.ಎಚ್ ಫೈಲ್) ಇಟ್ಟುಕೊಂಡೇ ಬಿಲ್ಡ್ ಪಾಸ್ ಮಾಡಿಸಿಬಿಡಬಹುದು, ಫೈಂಡ್‌ಗೂ ಕಾಣುವುದಿಲ್ಲ. ರೀಡ್‌ಲಿಂಕ್ -ಎಫ್ ಕೊಟ್ಟು ಕೊನೆಗೆ ಎಲ್ಲಿ ಹೋಗಿ ಮುಟ್ಟುತ್ತದೆ ಎಂದು ಕಣ್ಣಾರೆ ನೋಡಬೇಕು.

ಗುರಿ ತಪ್ಪುವುದಕ್ಕೆ ಸಾಮಾನ್ಯ ಕಾರಣವನ್ನೂ ಅಲ್ಲೇ ಬರೆಯಿರಿ. ಹಳೆಯ ಲಿಂಕ್ ಡೈರೆಕ್ಟರಿಯೊಂದನ್ನು ತೋರಿಸುತ್ತಿದ್ದರೆ ಎಲ್‌ಎನ್ -ಎಸ್‌ಎಫ್ ಅದನ್ನು ಬದಲಿಸುವುದಿಲ್ಲ; ಆ ಡೈರೆಕ್ಟರಿಯ ಒಳಗೆ ಹೊಸ ಲಿಂಕ್ ಇಟ್ಟು ಸುಮ್ಮನಾಗುತ್ತದೆ, ಎರರ್ ಕೂಡ ಇಲ್ಲ. ಅಲ್ಲಿ -ಎಸ್‌ಎಫ್‌ಎನ್ ಬೇಕು.